ಮಾನವಿಕಕ್ಕೊಂದು ಪುರಾವೆ

ಪವಾಯಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾನವಿಕ ವಿಷಯ ಕಲಿಸುವವನು ನಾನೊಬ್ಬನೇ. ಮನುಷ್ಯಕುಲದ ಸಮಸ್ತ ಚಿಂತನೆಗೆ ವೇಳಾಪಟ್ಟಿ ದಯಪಾಲಿಸಿದ ಸ್ಥಾನ ಶುಕ್ರವಾರ ಊಟದ ನಂತರದ ಒಂದು ಗಂಟೆ. ಕಡ್ಡಾಯವಾದ್ದರಿಂದ ಮಕ್ಕಳು ಬಂದು ಕೂರುತ್ತಿದ್ದರು. ಈ ವರ್ಷ ಅದನ್ನು ಐಚ್ಛಿಕ ಮಾಡುವ ಮಾತೆದ್ದಿತು. ಐಚ್ಛಿಕವೆಂಬುದು ನಮ್ಮಲ್ಲಿ ಅಂತ್ಯಕ್ರಿಯೆಗಿಟ್ಟ ಮರ್ಯಾದೆಯ ಹೆಸರು.

"ಸೋಮವಾರ ಸಮಿತಿ ಕೂಡುತ್ತದೆ. ಇದರಿಂದ ಮಕ್ಕಳಿಗೆ ಏನಾಯಿತು ಅಂತ ಒಂದು ಪುರಾವೆ ತನ್ನಿ," ಎಂದರು ಪ್ರಾಂಶುಪಾಲರು, ಹಲ್ಲುನೋವಿಗೆ ಎಕ್ಸರೇ ಕೇಳಿದಷ್ಟು ಸಹಜವಾಗಿ.

ಅವಸರದಲ್ಲಿ, ಶುಕ್ರವಾರಕ್ಕೆ ತರಬೇಕೆಂದು, ತರಗತಿಗೊಂದು ಪ್ರಬಂಧ ಕೊಟ್ಟೆ: ಮನೆಯ ಹಿರಿಯರಿಗೆ ಇದುವರೆಗೆ ಕೇಳದ ಪ್ರಶ್ನೆ ಕೇಳಿ, ನಡೆದದ್ದನ್ನು ಬರೆಯಿರಿ. ಅರವತ್ತು ಮಂದಿಯೂ ಪ್ರಯೋಗಶಾಲೆಯ ಜರ್ನಲ್ ಬರೆದಂತೆಯೇ ಬರೆದು ತಂದರು. ಉದ್ದೇಶ: ಅಜ್ಜಿಯ ಬಾಲ್ಯ ಅರಿಯುವುದು. ಸಲಕರಣೆ: ಅಜ್ಜಿ, ಕುರ್ಚಿ. ಮುನ್ನೆಚ್ಚರಿಕೆ: ಸೀರಿಯಲ್ ಹೊತ್ತಿನಲ್ಲಿ ಕೇಳಬಾರದು. ಫಲಿತಾಂಶ ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: ಬಾಲ್ಯವು ಕಷ್ಟದ್ದೆಂದು ಸಿದ್ಧವಾಯಿತು. ಬಾರದ ಫಲಿತಾಂಶವನ್ನು ಪಕ್ಕದವರ ಜರ್ನಲ್‌ನಿಂದ ಇಳಿಸಿಕೊಳ್ಳುವುದು ಇಲ್ಲಿ ತಲೆಮಾರುಗಳಿಂದ ಬಂದ ಆಚಾರ.

ಒಂದರಲ್ಲಿ ಆ ಜಾಗ ಖಾಲಿಯಿತ್ತು. ಬರೆದವಳು ಸಾಂತಾಕ್ರೂಜ್‌ನ ಹುಡುಗಿ. ತಂದೆಯದು ಹೋಟೆಲು, ಮೂಲ ಉಡುಪಿ ಕಡೆ. ಉದ್ದೇಶ: ಹತ್ತನೆಯಲ್ಲಿ ಶಾಲೆಗೇ ಮೊದಲು ಬಂದ ಅಮ್ಮ ಮುಂದೆ ಯಾಕೆ ಓದಲಿಲ್ಲ? ವೀಕ್ಷಣೆ ಒಂದು: ಕುಕ್ಕರ್ ಇಳಿಸು ಅಂದರು. ಎರಡು: ಇದಕ್ಕೂ ಮಾರ್ಕ್ಸ್ ಉಂಟಾ ಅಂದರು. ಮೂರು: ಎದ್ದು ಬಾಲ್ಕನಿಗೆ ಹೋಗಿ ಅತ್ತರು. ಮುಂದೆ ಕೇಳಲಿಲ್ಲ.

ಕರೆಸಿದೆ. "ರಿಸಲ್ಟ್ ಎಲ್ಲಮ್ಮ? ಫ್ರೆಂಡ್ಸ್ ಜರ್ನಲ್ ಸಿಗಲಿಲ್ವೇ?"

"ಸಿಕ್ತು ಸರ್. ಮತ್ಲಬ್... ಅದ್ರಲ್ಲಿ ನನ್ನ ಮಮ್ಮಿ ಇಲ್ಲಲ್ಲ."

"ಇದನ್ನು ಸಮಿತಿಗೆ ತೋರಿಸ್ಲಾ? ನಮ್ಮ ಕ್ಲಾಸು ಉಳಿದೀತು."

"ಬೇಡ ಸರ್, ಪ್ಲೀಸ್. ಮಮ್ಮಿ ಅತ್ತದ್ದು ಪಪ್ಪನಿಗೂ ಗೊತ್ತಿಲ್ಲ. ನೀವು ಮಾತ್ರ ಓದ್ತೀರಿ ಅಂತ ಬರ್ದದ್ದು."

"ಹೆಸರು ತೆಗೀತೇನೆ."

ಅವಳು ನೆಲ ನೋಡಿದಳು. ಸರ್ ಎಂಬ ಪ್ರಾಣಿ ಇಷ್ಟು ಕೆಳಗಿಳಿದೀತೆಂದು ಅವಳಿಗೆ ತಿಳಿದಿರಲಿಲ್ಲ. ನನಗೂ.

ಶನಿವಾರ, ಭಾನುವಾರ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಝೆರಾಕ್ಸ್ ಅಂಗಡಿಯವರೆಗೆ ಹೋದೆ. ಒಂದು ಸಲ ಸಾಲಿನಲ್ಲೂ ನಿಂತೆ. ನನ್ನ ಮುಂದಿದ್ದಾತ ರೇಷನ್ ಕಾರ್ಡಿನ ನಾಲ್ಕು ಪ್ರತಿ ಮಾಡಿಸಿಕೊಳ್ಳುವಷ್ಟರಲ್ಲಿ ಹೊರಬಿದ್ದೆ.

ಸೋಮವಾರ ಅಧ್ಯಕ್ಷರು ಕೇಳಿದರು: "ಪುರಾವೆ?"

"ಒಂದಿದೆ. ತೋರಿಸಲಾಗದು."

"ಅಂದರೆ ಇಲ್ಲ ಅಂತ ಬರೆದುಕೊಳ್ಳಲೇ?"

"ಬರೆದುಕೊಳ್ಳಿ."

ಮುಂದಿನ ವರ್ಷದಿಂದ ಐಚ್ಛಿಕ. ಠರಾವಿಗೆ ತಗುಲಿದ್ದು ಒಂದು ಸಮೋಸ ತಿನ್ನುವಷ್ಟು ಹೊತ್ತು. ಆ ಸಂಜೆ ಕಾಂಜೂರಮಾರ್ಗ ಸ್ಟೇಷನ್ನಿನಲ್ಲಿ ಖಾಲಿ ಇದ್ದ ಲೋಕಲ್ಲುಗಳನ್ನೂ ಬಿಟ್ಟು ಪ್ಲಾಟ್‌ಫಾರ್ಮಿನ ಆ ತುದಿಗೂ ಈ ತುದಿಗೂ ನಡೆಯುತ್ತಿದ್ದೆ. ಸರಿಯಾದದ್ದನ್ನೇ ಮಾಡಿದ್ದೆ. ಹಾಗೆ ಮಾಡಿದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆನಲ್ಲ, ಆ ಪಾಠವೊಂದನ್ನು ಈ ವರ್ಷವೇ ತಿದ್ದಬೇಕು.