ಬೀಗದ ಕೋಣೆಯೊಳಗೆ ಹಳೆಯ ಫೋನು

ಗೆಳೆಯರೇ, ಇವತ್ತು ಹುಕ್ಕೇರಿಯ ನಮ್ಮ ತಾಲ್ಲೂಕು ಕಚೇರಿಯಲ್ಲಿ, ಬೀಗ ಹಾಕಿದ ಕೋಣೆಯೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಹೊರಗೆ ನಿಂತ ನಾವು ಬೀಗ ಜಗ್ಗುತ್ತಿದ್ದೆವು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಚೇರಿಗಳಿಗೆಲ್ಲ ಈಗ ಒಂದೇ ನೆಟ್‌ವರ್ಕ್, ಹೊಸ ಫೋನು. ಬೆಳಿಗ್ಗೆ ಅದನ್ನು ಜೋಡಿಸಿದ ಮೆಕ್ಯಾನಿಕ್, ಹಳೆಯ ಲೈನು ಕಡಿಯಲು ಆದೇಶವಿಲ್ಲವೆಂದು, ಹಳೆಯ ಫೋನನ್ನು ಯಂತ್ರಗಳ ಕೋಣೆಗೆ ಸೇರಿಸಿ, ಬೀಗ ಜಡಿದು, ಕೀಲಿಯೊಂದಿಗೆ ಮೂಡಲಗಿಗೆ ಹೋಗಿಬಿಟ್ಟ.

ಮಳೆಗಾಲದಲ್ಲಿ ಹೊಳೆದಂಡೆಯ ದಡ್ಡಿ ಊರಿನ ಬಾಳವ್ವ ದಿನಾ ಚಹಾದ ಹೊತ್ತಿಗೆ ಆ ಹಳೆಯ ನಂಬರಿಗೇ ಫೋನು ಮಾಡಿ ಹೊಳೆಯ ನೀರು ಎಲ್ಲಿಗೆ ಬಂತೆಂದು ಹೇಳುತ್ತಾಳೆ. ಆಕೆಯ ನಂಬರು ನಮ್ಮಲ್ಲಿ ಯಾರ ಬಳಿಯೂ ಇಲ್ಲ, ಬೇಕಾಗಿಯೇ ಇರಲಿಲ್ಲ. ಇವತ್ತು ಫೋನು ನಿಂತು ನಿಂತು ಮತ್ತೆ ಬಡಿದುಕೊಳ್ಳುತ್ತಿತ್ತು.

"ನೀರು ಊರಾಗ ಹೊಕ್ಕಿರಬೇಕ್ರಿ ಸರ," ಎಂದ ನಮ್ಮ ಕಚೇರಿಯ ಸಿಪಾಯಿ ಮಾದೇವಪ್ಪ.

ಬೀಗ ಮುರಿದರೆ ನನಗೆ ನೋಟಿಸು ಖಾತ್ರಿ. "ಒಡಿ ಮಾರಾಯಾ," ಎಂದೆ. ಕಲ್ಲಿನಿಂದ ಒಡೆದ. ಓಡಿಹೋಗಿ ಎತ್ತಿದೆ.

"ಯವ್ವಾ, ನೀರು ಎಲ್ಲೀತನಾ ಬಂತ್ರಿ?"

"ಹೊಳಿ ಇಳದೈತಿ ಯಪ್ಪಾ. ನೀವ್ ಫೋನ್ ಎತ್ತವಲ್ರಿ! ನಿಮಗ ಏನರ ಆತೇನೋ ಅಂತ ಮತ್ ಮತ್ ಹಚ್ಚಿದ್ನಿ. ಆದ್ರ ಮ್ಯಾಲ ಘಟ್ಟದಾಗ ಮಳಿ ಜೋರ್ ಹಿಡದೈತಿ, ಹೊಳಿ ಮತ್ತ ಏರತೈತಿ. ನಾಳಿ ಇದ ನಂಬರಿಗೆ ಹಚ್ಚಲೋ, ಬ್ಯಾರೇ ನಂಬರ್ ಐತೇನು?"

ಹೊಸ ಫೋನಿಗೆ ಹೊರಗಿನ ಕರೆ ಇನ್ನೂ ಬರುವುದಿಲ್ಲ. "ಇದಕ್ಕ ಹಚ್ರಿ," ಎಂದೆ.

ನೋಟಿಸು ಬರಲಿ. ಮೂರೂ ತಾಲ್ಲೂಕಿನ ಕಚೇರಿಗಳು ಹೊಸ ನೆಟ್‌ವರ್ಕಿಗೆ ಬಂದಿವೆ. ಹೊಳೆ ಮಾತ್ರ ಇನ್ನೂ ಹಳೆಯ ನಂಬರಿನಲ್ಲೇ ಇದೆ.