ಆಚೆ ದಡಕ್ಕೆ ಹೋಗದ ಹರಗೋಲು

ಜಗದಾಂಬಾ ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ, ತುಂಗೆಯ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದ ಮನೆಯಲ್ಲಿ. ಆದರೂ ಹೊಳೆಯೆಂದರೆ ಅವಳ ಪಾಲಿಗೆ ಬಟ್ಟೆ ಒಗೆಯುವ ಕಲ್ಲು, ಕೊಡ ತುಂಬುವ ಮೆಟ್ಟಿಲು, ಅಷ್ಟೆ. ನಡುನೀರಿನಲ್ಲಿ ಹರಗೋಲುಗಳು ದೊಡ್ಡ ಬುಟ್ಟಿಗಳಂತೆ ತೇಲಿಹೋಗುತ್ತಿದ್ದರೆ ಒಗೆಯುವುದನ್ನು ಮರೆತು ನಿಲ್ಲುತ್ತಿದ್ದಳು. ಹತ್ತುವ ಭಾಗ್ಯ ಬರಲಿಲ್ಲ. ಹೊಳೆಯಾಚೆ ಅವರಿಗೆ ನೆಂಟರಿರಲಿಲ್ಲ.

ಮದುವೆಯಾಗಿ ಭದ್ರಾವತಿಗೆ ಬಂದಳು. ಗಂಡ ಷಡಕ್ಷರಪ್ಪ ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಕೋಟು, ಜರಿಯಂಚಿನ ರುಮಾಲು ಇಲ್ಲದೆ ಪಕ್ಕದ ಮನೆಗೂ ಹೋಗದ ಮನುಷ್ಯ. ತಲೆ ಪೂರ್ತಿ ಬೋಳಾಗಿದ್ದ ಸಂಗತಿ ಹೆಂಡತಿ ಮಕ್ಕಳಿಗೆ ಬಿಟ್ಟರೆ ಕ್ಷೌರಿಕನಿಗೆ ಮಾತ್ರ ಗೊತ್ತು. ಕೆಟ್ಟವನಲ್ಲ. ಆದರೆ ಅವನು ಬಾಯಿಬಿಟ್ಟು ನಕ್ಕದ್ದನ್ನು ಮೂರು ಮಕ್ಕಳಾಗುವ ತನಕವೂ ಅವಳು ಕೇಳಿರಲಿಲ್ಲ.

ಮಳೆ ಮುಗಿದು ಭದ್ರೆ ತಿಳಿಯಾಗಿದ್ದ ಮಾರ್ಗಶಿರದ ಒಂದು ಭಾನುವಾರ, ರೊಟ್ಟಿ ತಟ್ಟುತ್ತಲೇ ಜಗದಾಂಬಾ ಇವತ್ತು ಎಲ್ಲರೂ ಹರಗೋಲಿನಲ್ಲಿ ಹೋಗೋಣ ಎಂದಳು. ಆಚೆ ಊರಿನಲ್ಲಿ ಯಾರ ಮನೆಯಲ್ಲಿ ಏನು ಕಾರ್ಯ ಎಂದು ಷಡಕ್ಷರಪ್ಪ ವಿಚಾರಿಸಿದ. ಯಾರ ಮನೆಯಲ್ಲೂ ಏನೂ ಇಲ್ಲ ಎಂದಳು. ಅವನು ಅಗಿಯುವುದನ್ನೇ ನಿಲ್ಲಿಸಿದ. ಅಷ್ಟರಲ್ಲಿ ದೊಡ್ಡ ಮಗಳು ಗಿರಿಜೆ ಜಡೆಗೆ ಟೇಪು ಕಟ್ಟಿಕೊಂಡಾಗಿತ್ತು, ಐದು ವರ್ಷದ ರುದ್ರ ಬಾಗಿಲಾಚೆ ಕುಣಿಯುತ್ತಿದ್ದ, ಕೂಸು ಚೆನ್ನಿ ಅಮ್ಮನ ಸೊಂಟ ಏರಿತ್ತು. ರೊಟ್ಟಿ, ಎಣ್ಣೆಗಾಯಿ ಗಂಟು ಕಟ್ಟಿದ್ದೂ ಕಂಡಿತು. ಅವನು ಸುಮ್ಮನೆ ರುಮಾಲು ಸುತ್ತಿಕೊಂಡ.

ಕಡವಿನಲ್ಲಿ ಹರಗೋಲು ಹಾಕುತ್ತಿದ್ದ ಅಂಬಿಗರ ಕರಿಯಣ್ಣ ಎದ್ದು ನಿಂತ.

"ಆಚೆ ಯಾವೂರಿಗೆ ಹೋಗ್ಬೇಕು ಅವ್ವಾ?"

"ಯಾವೂರಿಗೂ ಇಲ್ಲಪ್ಪ. ಸುಮ್ನೆ ನೀರಲ್ಲಿ ಓಡಾಡಿಸು."

ಕರಿಯಣ್ಣ ಯಜಮಾನರ ಮುಖ ನೋಡಿದ. ಯಜಮಾನರು ಆಚೆ ದಡ ನೋಡಿದರು. ದಿಬ್ಬಣ, ಹುಲ್ಲಿನ ಹೊರೆ, ಹೆರಿಗೆ ನೋವಿನ ಹೆಂಗಸು, ಎಲ್ಲವನ್ನೂ ದಾಟಿಸಿದವನು ಅವನು. ದಾಟದೇ ಇರಲು ಬಂದವರನ್ನು ಕಂಡಿರಲಿಲ್ಲ. ತಲೆ ಕೆರೆದುಕೊಂಡು, ಹಾಗಾದರೆ ಇಳಿಯುವುದೇ ಇಲ್ಲವೇ ಎಂದು ಕೇಳಿದ. ಇಳಿಯುತ್ತೇವೆ, ಹತ್ತಿದಲ್ಲೇ, ಎಂದಳು ಜಗದಾಂಬಾ. ಇದು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಮಕ್ಕಳನ್ನು ಒಂದೊಂದಾಗಿ ಎತ್ತಿ ಒಳಗೆ ಕೂರಿಸಿದ.

ನಡುಹೊಳೆಗೆ ಬಂದಾಗ ಮುಂದೆ ಎತ್ತ ಹೋಗುವುದೆಂದು ತಿಳಿಯದೆ ಕರಿಯಣ್ಣ ಹುಟ್ಟು ಎತ್ತಿ ಹಿಡಿದ. ಗುಂಡಗಿನ ಹರಗೋಲು ತನ್ನಷ್ಟಕ್ಕೆ ತಿರುಗತೊಡಗಿತು. ದಡದ ಹೊಂಗೆಮರಗಳು ಮೆಲ್ಲಗೆ ಹೊರಟವು, ಕಾರ್ಖಾನೆಯ ಹೊಗೆ ಕೊಳವೆ ಅವುಗಳ ಹಿಂದೆ ಬಂತು, ಮತ್ತೆ ಮರಗಳು. ರುದ್ರ ಕೇಕೆ ಹಾಕಿದ. ಅದನ್ನು ಕೇಳಿ ಕರಿಯಣ್ಣನಿಗೂ ಹುರುಪು ಬಂದು ಹುಟ್ಟನ್ನು ನೀರಿಗಿಟ್ಟು ಒಂದು ಮೀಟು ಮೀಟಿದ. ಹರಗೋಲು ಬುಗುರಿಯಾಯಿತು. ಗಿರಿಜೆಯ ಜಡೆ ಅಡ್ಡಡ್ಡ ಹಾರಿತು, ಚೆನ್ನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಷಡಕ್ಷರಪ್ಪ ಕಣ್ಣು ಮುಚ್ಚಿ, ನಿಲ್ಲಿಸಲು ಹೇಳು ಎಂದು ಹೆಂಡತಿಯ ಸೆರಗು ಜಗ್ಗಿದ. ಹೇಳಲೆಂದೇ ಜಗದಾಂಬಾ ಬಾಯಿ ತೆರೆದಳು. ಬಂದ ಮಾತೇ ಬೇರೆ.

"ಇನ್ನೂ ಜೋರಾಗಿ ತಿರುಗ್ಸು, ಕರಿಯಣ್ಣ."

ಮುಂದಿನ ಸುತ್ತಿಗೆ ರುಮಾಲು ಹಾರಿ ನೀರಿಗೆ ಬಿತ್ತು. ಅದನ್ನು ಎಳೆದುಕೊಳ್ಳಲು ಕರಿಯಣ್ಣ ಹುಟ್ಟು ಚಾಚಿದ, ಹುಟ್ಟೂ ಕೈಜಾರಿತು. ಮುಂದೆ ರುಮಾಲು, ಅದರ ಪಕ್ಕ ಹುಟ್ಟು, ಹಿಂದೆ ಹರಗೋಲು, ಹೀಗೆ ಮೂರೂ ಮೆರವಣಿಗೆಯಾಗಿ ಕೆಳಕ್ಕೆ ತೇಲಿದವು. ಸ್ವಲ್ಪ ಮುಂದೆ ನೀರು ಸೊಂಟದ ಮಟ್ಟಕ್ಕಿಂತ ಹೆಚ್ಚಿಲ್ಲ, ಹೆದರಬೇಡಿ ಎಂದ ಕರಿಯಣ್ಣ. ಷಡಕ್ಷರಪ್ಪನ ಬೋಳುತಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

"ಅಪ್ಪಾ, ನಿನ್ ತಲೇಲಿ ಸೂರ್ಯ ಕಾಣ್ತಾನೆ," ಎಂದ ರುದ್ರ.

ಜಗದಾಂಬಾ ತುಟಿ ಕಚ್ಚಿಕೊಂಡಳು. ಗಂಡ ಮಗನನ್ನು ದುರುಗುಟ್ಟಿ ನೋಡಿದ. ಆಮೇಲೆ ಅವನ ಹೊಟ್ಟೆ ಸಣ್ಣಗೆ ಕುಲುಕಿತು, ಭುಜ ಕುಲುಕಿತು, ಎಲ್ಲಿತ್ತೋ ಆ ನಗು, ಗೊಳ್ಳನೆ ಹೊರಬಿತ್ತು. ಹರಗೋಲೇ ಅಲ್ಲಾಡಿತು. ಅವನು ಒಂದು ಕೈಯಲ್ಲಿ ಅಂಚು, ಇನ್ನೊಂದರಲ್ಲಿ ಅವಳ ತೋಳು ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ತಲೆ ತಿರುಗುತ್ತಿದ್ದದ್ದು ಹರಗೋಲಿನಿಂದಲೋ ಆ ಸದ್ದಿನಿಂದಲೋ ಜಗದಾಂಬಾಗೆ ಗೊತ್ತಾಗಲಿಲ್ಲ.

ಸ್ವಲ್ಪ ಕೆಳಗೆ ರೈತ ಹೊನ್ನಯ್ಯ ಎತ್ತುಗಳ ಮೈ ತೊಳೆಯುತ್ತಿದ್ದ. ರುಮಾಲು ಎತ್ತಿನ ಕೊಂಬಿಗೆ ಸಿಕ್ಕಿತು, ಹುಟ್ಟು ಅವನ ಕೈಗೆ ಸಿಕ್ಕಿತು. ಕೊನೆಗೆ ಹರಗೋಲಿನ ಅಂಚನ್ನೂ ಹಿಡಿದು ಈಚೆ ದಡದ ಮರಳಿಗೆ ಎಳೆದ. ಇಷ್ಟು ಜನ ನಗುತ್ತ ತೇಲಿಬಂದದ್ದು ಯಾಕೆಂದು ಅವನು ಕೇಳಲಿಲ್ಲ. ಎಳೆ ಸೌತೆಕಾಯಿ ಕಿತ್ತು ತಂದುಕೊಟ್ಟ. ಎಲ್ಲರೂ ಮರಳಿನ ಮೇಲೆ ಕೂತು ರೊಟ್ಟಿ ಹಂಚಿಕೊಂಡು ತಿಂದರು.

ಕಡವಿಗೆ ಮರಳಲು ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕುವುದು ಕಷ್ಟ. ಹರಗೋಲನ್ನು ಕವುಚಿ ಕರಿಯಣ್ಣ ಮುಂದೆ, ಷಡಕ್ಷರಪ್ಪ ಹಿಂದೆ ತಲೆಯ ಮೇಲೆ ಹೊತ್ತರು. ಮಕ್ಕಳು ನಡುವೆ ನುಗ್ಗಿದರು. ಚೆನ್ನಿಯನ್ನೆತ್ತಿಕೊಂಡು ಜಗದಾಂಬಾಳೂ ಒಳಗೆ ಸೇರಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಕಂಡದ್ದು ಬರೀ ಕಾಲುಗಳಿರುವ, ಒಳಗೊಳಗೇ ಕಿಸಕ್ಕೆನ್ನುವ ಭಾರಿ ಬುಟ್ಟಿ. ಒಬ್ಬಳು ಬಟ್ಟೆ ಬಿಟ್ಟು ಓಡಿಯೇಬಿಟ್ಟಳು. ಬುಟ್ಟಿ ನಿಂತಿತು.

"ಹೆದರ್ಬೇಡ ತಾಯಿ," ಎಂದಿತು ಒಳಗಿನ ದನಿ, ಬಹಳ ಮರ್ಯಾದೆಯಿಂದ. "ನಾನು, ಆಫೀಸಿನ ಷಡಕ್ಷರಪ್ಪ."

ಸೋಮವಾರದ ಹೊತ್ತಿಗೆ ಈ ಸುದ್ದಿ ಕಾರ್ಖಾನೆಯ ಕ್ವಾರ್ಟರ್ಸಿಗೆಲ್ಲ ಹಬ್ಬಿತ್ತು. ಆಫೀಸಿನಲ್ಲಿ ಯಾರೋ ಕೆಣಕಿದ್ದಕ್ಕೆ ಷಡಕ್ಷರಪ್ಪ, ಬರುವ ಭಾನುವಾರ ನೀವೂ ಬನ್ನಿ ಎಂದನಂತೆ. ಕೆಲವರು ಬಂದೂಬಂದರು. ಬೇಸಗೆಯ ಹೊತ್ತಿಗೆ ಜಗದಾಂಬಾ ತಾನೇ ಹುಟ್ಟು ಹಾಕುವುದನ್ನು ಕಲಿತಳು. ಮೊದಮೊದಲು ದಡದತ್ತ ತಿರುಗಿಸಿದರೆ ಹರಗೋಲು ನಡುಹೊಳೆಗೆ ಹೋಗುತ್ತಿತ್ತು. ಮಕ್ಕಳಿಗೆ ಬೇಕಾದದ್ದೂ ಅದೇ.

ಮರುವರ್ಷ ನಾಲ್ಕನೆಯ ಮಗು ಹುಟ್ಟಿತು, ಗಂಡು. ತೊಟ್ಟಿಲು ತೂಗಿದರೆ ಅಳುತ್ತಿತ್ತು. ಎತ್ತಿಕೊಂಡು ಗಿರ್ರನೆ ಸುತ್ತಿದರೆ ಮಾತ್ರ ಸುಮ್ಮನಾಗುತ್ತಿತ್ತು. ಸುತ್ತುವ ಕೆಲಸವನ್ನು ಷಡಕ್ಷರಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ.