ನಡುಮನೆಗೊಂದು ಫ್ಯಾನು

ನಮ್ಮ ನಡುಮನೆಯ ಮಧ್ಯದ ತೊಲೆಯಲ್ಲಿ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಕೊಂಡಿ ಇದೆ. ಅಜ್ಜನ ಕಾಲದ್ದು. ಕಂದೀಲು ತೂಗಿದೆ, ಬೀಜಕ್ಕೆಂದು ತೆಗೆದಿಟ್ಟ ಜೋಳದ ತೆನೆ ಹೊತ್ತಿದೆ, ಬೆಕ್ಕಿನಿಂದ ಬೆಣ್ಣೆಯ ಗಡಿಗೆಯನ್ನು ಕಾಯ್ದಿದೆ. ಈಚೆಗೆ ಬಹಳ ವರ್ಷ ಅದು ಬರಿದಾಗಿಯೇ ಇತ್ತು. ಬರಿದಾದದ್ದು ಕಣ್ಣಿಗೆ ಬಿದ್ದರೆ ಅದಕ್ಕೊಂದು ಕೆಲಸ ಹಚ್ಚದೆ ಬಿಡುವ ಸ್ವಭಾವ ನನ್ನದಲ್ಲ.

ನಾನು ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವನು. ಸೀಟಿ ಊದುವುದು, ಬಸ್ಸು ಬಿಡುವುದು, ಬಿಟ್ಟ ಹೊತ್ತನ್ನು ಬರೆದಿಡುವುದು. ಆಯುಷ್ಯದ ದೊಡ್ಡ ಪಾಲು ಇದರಲ್ಲೇ ಸಂದಿತು. ವರ್ಗವಾದ ಊರುಗಳ ನೆನಪು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಉಳಿಯುತ್ತದೆ. ನನಗೆ ಅವು ಫ್ಯಾನುಗಳಾಗಿ ಉಳಿದಿವೆ. ಇಂಡಿಯಲ್ಲಿ ತಗಡಿನ ಮನೆ. ಅಲ್ಲಿಯ ಫ್ಯಾನು ತಗಡಿನ ಕಾವನ್ನೆಲ್ಲ ಬಾಚಿ ಬಾಚಿ ನಮ್ಮ ಮೇಲೆ ಸುರಿಯುತ್ತಿತ್ತು. ಸಿಂದಗಿಯದು ಪುಟ್ಟ ಕೋಣೆ, ಮನೆಯ ಮಾಲಕರು ಔದಾರ್ಯದಿಂದ ಹಾಕಿಸಿದ್ದ ಭಾರೀ ಫ್ಯಾನು. ಕಾಗದದ ಮೇಲೆ ಕಲ್ಲು, ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಬರೆಯಬೇಕಾಗಿತ್ತು. ಮುದ್ದೇಬಿಹಾಳದ ಪಡಸಾಲೆ ಉದ್ದ, ಫ್ಯಾನು ಗಿಡ್ಡ. ಸಂಸಾರವೆಲ್ಲ ಅದರ ಕೆಳಗೆ ದುಂಡಗೆ ಕೂಡುತ್ತಿದ್ದೆವು. ಇಷ್ಟರಿಂದ ನಾನು ಕಲಿತದ್ದು ಸರಳ: ಮೊದಲು ಕೋಣೆಯನ್ನು ಅಳೆಯಬೇಕು, ಆಮೇಲೆ ಅಂಗಡಿಗೆ ಹೋಗಬೇಕು.

ನಿವೃತ್ತಿಯ ಮೇಲೆ ಬಸವನ ಬಾಗೇವಾಡಿಯ ಈ ಹಿರಿಯರ ಮನೆಗೆ ಬಂದೆವು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದರಾಯಿತು. ನಡುಮನೆಗೆ ಫ್ಯಾನಿನ ಮಾತೇ ಬಂದಿರಲಿಲ್ಲ. ಈ ವರ್ಷ ಬಂತು. ಇಂಡಿಗೆ ಕೊಟ್ಟ ಮಗಳು ನೀಲಾ ಚೊಚ್ಚಲ ಬಸುರಿ. ಬಾಣಂತನ ತವರಿನಲ್ಲಿ ಆಗಬೇಕೆಂದು ಅವಳ ತಾಯಿಯ ಹಟ. ದಿನ ತುಂಬುವುದು ನೆತ್ತಿ ಸುಡುವ ಬಿಸಿಲಿನಲ್ಲಿ, ತುಂಬಿದ ಬಸುರಿ ಏಣಿ ಹತ್ತಿ ಮಾಳಿಗೆಗೆ ಹೋಗುವಂತಿಲ್ಲ. ಮಗಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು: "ಅಪ್ಪಾ, ಫ್ಯಾನಿಲ್ದ ಆ ನಡುಮನ್ಯಾಗ ನಾ ಇರೂದಿಲ್ಲ ನೋಡ್ರಿ. ಹಾಕಸ್ರಿ, ಬರ್ತೇನಿ. ಇಲ್ಲಂದ್ರ ಇಲ್ಲೇ ಅತ್ತಿ ಮನ್ಯಾಗ ಇರ್ತೇನಿ."

ಇದು ನನಗೆ ತಿಳಿಯುವ ಭಾಷೆ. ಟೇಪು ಹಿಡಿದೆ. ಹನ್ನೆರಡು ಫೂಟು ಉದ್ದ, ಹತ್ತು ಅಗಲ. ಅದಕ್ಕೆ ನಾಲ್ಕು ಫೂಟಿನ ಫ್ಯಾನು ಸರಿ. ತೊಲೆ ಒಂಬತ್ತೂವರೆ ಫೂಟಿನಲ್ಲಿದೆ, ರೆಕ್ಕೆ ನೆಲದಿಂದ ಎಂಟು ಫೂಟಿಗಿಂತ ಕೆಳಗೆ ಇಳಿಯಬಾರದು, ಆದ್ದರಿಂದ ಗಿಡ್ಡ ರಾಡು. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಹೆಚ್ಚು ಹೊತ್ತು ತಿರುಗುವಂಥ, ಕಡಿಮೆ ಕರೆಂಟು ತಿನ್ನುವ ಹೊಸ ನಮೂನೆಯ ಮೋಟಾರು. ಬಣ್ಣ ಬಿಳಿ. ನಮ್ಮ ಎರೆಮಣ್ಣಿನ ಧೂಳಿಗೆ ಕಂದು ಬಣ್ಣವೇ ಒಳ್ಳೆಯದು, ಹೊಲಸು ಕಾಣುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಕಾಣಬೇಕೆಂದೇ ಬಿಳಿಯದನ್ನು ಆರಿಸಿದೆ. ಕಂಡರೆ ತಾನೇ ಶನಿವಾರಕ್ಕೊಮ್ಮೆ ಒರೆಸುವುದು. ಇನ್ನು ತೂಗುಹಾಕುವ ಜಾಗ: ಕೋಣೆಯ ನಟ್ಟನಡುವೆ ಕೊಂಡಿ ಸಿದ್ಧವಾಗಿಯೇ ಇತ್ತು. ಇಷ್ಟು ಕ್ರಮಬದ್ಧವಾಗಿ ಕೂಡಿಬಂದ ಕೆಲಸ ನನ್ನ ನೌಕರಿಯಲ್ಲೂ ಅಪರೂಪ.

ವೈರಿಂಗಿನ ಲಾಲಸಾಬ ಬೆಳಿಗ್ಗೆ ಒಂಬತ್ತಕ್ಕೆ ಬಂದು ಏಣಿ ಹತ್ತಿ ಕೊಂಡಿಗೆ ಕೈ ಹಾಕಿದ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಲಾಲಸಾಬಣ್ಣಾ, ಅದಕ್ಕ ಫ್ಯಾನ್ ಹಾಕಿದ್ರ ತೊಟ್ಟಿಲಾ ಎಲ್ಲಿ ಕಟ್ಟೂದೋ? ನಿಮ್ಮ ಸಾಹೇಬ್ರ ಕೊಳ್ಳಾಗ?"

ನಾನೂ ನನ್ನ ಮಗಳೂ ತೂಗಿಸಿಕೊಂಡದ್ದು ಆ ಕೊಂಡಿಯಲ್ಲೇ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಳತೆಯ ವಹಿಯಲ್ಲಿ ಅದಕ್ಕೊಂದು ಕಲಮು ಇರಲಿಲ್ಲ. ಆದರೂ ಸೋಲಲು ಮನಸ್ಸಾಗದೆ, "ಹಂಗಾರ ಈಗ ತೊಟ್ಟಿಲಾ ಕಟ್ಟಿ ತೋರಸು, ಎಷ್ಟ ಜಾಗಾ ಬೇಕು ನೋಡೂಣು" ಎಂದೆ.

"ಕೂಸು ಬರೂಕಿಂತ ಮೊದ್ಲ ಖಾಲಿ ತೊಟ್ಟಿಲಾ ಕಟ್ತಾರೇನ್ರಿ? ಗಡಿಯಾರ ಒಂದ ಬಿಟ್ರ ನಿಮಗೇನೂ ತಿಳೀವಲ್ದು."

"ಕಟ್ಟಾಕ ಬರೂದಿಲ್ಲಂದ ಮ್ಯಾಲ ಕೊಂಡಿ ಖಾಲೀನ ಐತಿ. ಮೊದ್ಲ ಬಂದವ್ರಿಗೆ ಮೊದ್ಲು."

ಏಣಿಯ ಮೇಲಿಂದ ಲಾಲಸಾಬ, "ಅಕ್ಕಾರ, ನಾ ಇಳೀಲೋ ಬ್ಯಾಡೋ?" ಎಂದ. ಅವಳು ನನ್ನ ಹೆಗಲಿನ ಟಾವೆಲ್ಲನ್ನು ಎಳೆದುಕೊಂಡು ಅವನ ಕೈಗೆ ಎತ್ತಿಕೊಟ್ಟಳು. "ಇದನ್ನ ಕೊಂಡ್ಯಾಗ ಹಾಕಿ ಗಂಟ ಹೊಡಿ." ಆಮೇಲೆ ನನ್ನ ಕಡೆ ತಿರುಗಿ, "ಈಗ ಹೇಳ್ರಿ ಕಂಟ್ರೋಲರ್ ಸಾಹೇಬ್ರ, ಸೀಟ್ ಯಾರದು?"

ನೀವು ನಮ್ಮ ಕಡೆಯ ಬಸ್ಸು ಹತ್ತಿದವರಾದರೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟಾವೆಲ್ಲು ಒಳಗೆ ಬೀಳುತ್ತದೆ. ಬಿದ್ದಲ್ಲಿಗೆ ಆ ಸೀಟು ಹಾಕಿದವರದಾಯಿತು. ಟಾವೆಲ್ಲಿನ ಯಜಮಾನ ಇನ್ನೂ ಚಹಾ ಕುಡಿಯುತ್ತಿರಬಹುದು, ಅವನ ಮುಖವನ್ನು ಯಾರೂ ನೋಡಿರಲಿಕ್ಕಿಲ್ಲ. ಆದರೂ ಸೀಟು ಅವನದೇ. ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ ಈ ಕಟ್ಟಳೆಯ ಮೇಲೆ ಎಷ್ಟೋ ಜಗಳಗಳು ನನ್ನ ಮೇಜಿಗೆ ಬಂದಿವೆ. ಟಾವೆಲ್ಲಿಗೆ ವಿರುದ್ಧವಾಗಿ ನಾನು ಒಮ್ಮೆಯೂ ತೀರ್ಪು ಕೊಟ್ಟವನಲ್ಲ. ಬರಲಿರುವವನಿಗೂ ಒಂದು ಜಾಗ ಉಂಟೆಂದು, ನಿಂತುಕೊಂಡೇ ಊರು ಮುಟ್ಟುವ ಜನ ಕೂಡ ಒಪ್ಪುತ್ತಾರೆ. ಇಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣ ಬಟ್ಟೆ ಹೇಳುತ್ತದೆಂಬುದನ್ನು ನಾನು ಯೋಚಿಸಿದ್ದು ಅವತ್ತೇ.

"ಲಾಲಸಾಬ, ಇಳಿ" ಎಂದೆ.

ಮತ್ತೆ ಅಳೆದೆ. ಕಿಟಕಿಯ ಕಡೆಯ ತೊಲೆ ಗೋಡೆಯಿಂದ ಮೂರು ಫೂಟು. ಅಲ್ಲಿ ನಾಲ್ಕು ಫೂಟಿನ ಫ್ಯಾನು ಹಾಕಿದರೆ ರೆಕ್ಕೆಯ ತುದಿಗೂ ಗೋಡೆಗೂ ನಡುವೆ ಒಂದೇ ಫೂಟು ಉಳಿಯುತ್ತದೆ, ಗಾಳಿ ಆಡುವುದಿಲ್ಲ. ಮೂರು ಫೂಟಿನದಾದರೆ ಒಂದೂವರೆ ಉಳಿಯುತ್ತದೆ. ಡಬ್ಬಿ ಮರಳಿ ಕಟ್ಟಿ ಅಂಗಡಿಗೆ ಹೋಗಿ ಬದಲಿಸಿಕೊಂಡು ಬಂದೆ. ಬಿಳಿಯದೇ. ಲಾಲಸಾಬ ಕಿಟಕಿಯ ಕಡೆಯ ತೊಲೆಗೆ ಹೊಸ ಕೊಂಡಿ ಬಡಿದು ಅದನ್ನು ತೂಗುಹಾಕಿದ. ಕೋಣೆಯ ನಡುವಿಗೆ ತೂಗದ ಫ್ಯಾನು ನನ್ನ ಕಣ್ಣಿಗೆ ನಿಲ್ದಾಣದಲ್ಲಿ ಓರೆ ನಿಂತ ಬಸ್ಸಿನಂತೆ ಕಾಣುತ್ತದೆ, ಕಾಣಲಿ. ಅದರ ಕೆಳಗೆ ಮಂಚ ಹಾಕಿದೆವು.

ಹೆಂಡತಿಯ ಇನ್ನೊಂದು ತಕರಾರು ಉಳಿದಿತ್ತು. "ಮಂಚಕ್ಕ ಗಾಳಿ ಬರ್ಲಿ, ಬಸರಿ ಹುಡುಗಿ. ತೊಟ್ಟಿಲಕ್ಕ ಬರಬಾರ್ದು ನೋಡ್ರಿ, ಹಸುಗೂಸು." ಕಾಣದ ಗಾಳಿಗೆ ಗೆರೆ ಎಳೆಯುವುದು ಹೇಗೆ? ಲಾಲಸಾಬ ಐದನೆಯ ನಂಬರಿಗೆ ಹಚ್ಚಿದ. ಕೊಂಡಿಯ ಟಾವೆಲ್ಲು ಧ್ವಜದಂತೆ ಹಾರಾಡಿತು. ನಾಲ್ಕಕ್ಕೆ ಒದ್ದಾಡಿತು, ಮೂರಕ್ಕೆ ತುದಿ ನಡುಗಿತು, ಎರಡಕ್ಕೆ ಸುಮ್ಮನೆ ಇಳಿಬಿದ್ದಿತು. ಮಂಚದ ಮೇಲೆ ಅಂಗೈ ಚಾಚಿ ನೋಡಿದೆ. ಎರಡರಲ್ಲೂ ಅಲ್ಲಿ ತಂಪಿತ್ತು.

ನೀಲಾ ಸೋಮವಾರ ಬೆಳಗಿನ ಬಸ್ಸಿಗೆ ಬಂದಳು. ಮಂಚದ ಮೇಲೆ ಕುಳಿತು, ಸೆರಗಿನಿಂದ ಬೆವರು ಒರೆಸಿಕೊಂಡು, ತಲೆ ಎತ್ತಿ ನೋಡಿದವಳು, "ಅಪ್ಪಾ, ಅಲ್ಲಿ ಟಾವೆಲ್ ಯಾಕ ಕಟ್ಟೀರಿ?" ಎಂದಳು.

"ಸೀಟ್ ಹಿಡದೈತೆವ್ವ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು.

ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫ್ಯಾನು ಎರಡನೆಯ ನಂಬರಿಗೆ ಹಚ್ಚಿ, ನಡುಮನೆಯ ಮಧ್ಯದ ಕೊಂಡಿಯನ್ನೊಮ್ಮೆ ನೋಡುತ್ತೇನೆ. ಟಾವೆಲ್ಲು ಅಲುಗುವುದಿಲ್ಲ. ಸೀಟು ಹಿಡಿದಿಟ್ಟವರು ಇನ್ನೂ ಬಂದಿಲ್ಲ. ಬಸ್ಸು ನಿಂತಿದೆ, ಸೀಟಿ ಊದುವ ಅವಸರ ನನಗಿಲ್ಲ.